ಆತ್ಮರಕ್ಷಣೆಗೆ ಯಾವ ವಿದ್ಯೆ? ಕಳರಿ, ಕುಸ್ತಿ, ದೊಣ್ಣೆವರಸೆಗಳ ಒಂದು ತುಲನೆ

ಶಾಲೆಗಳಿಗೆ ಬೇಸಿಗೆ ರಜೆ ಬಂತೆಂದರೆ ನಮ್ಮ ಕಾಸರಗೋಡು ಭಾಗದ ಪೇಟೆಗಳಲ್ಲಿ ಕರಾಟೆ, ಕಳರಿ ತರಗತಿಗಳ ಫಲಕಗಳು ಕಾಣಿಸಿಕೊಳ್ಳುತ್ತವೆ. ಸಂಜೆ ಬಸ್ಸಿಳಿದು, ತೋಡಿನ ಸಂಕ ದಾಟಿ, ಅಡಿಕೆ ತೋಟದ ನಡುವಿನ ದಾರಿಯಲ್ಲಿ ಮನೆ ಸೇರಬೇಕಾದ ಮಗಳಿರುವ ತಂದೆ ತಾಯಿಯರು ಆ ಫಲಕದ ಮುಂದೆ ನಿಂತು ಯೋಚಿಸುವುದು ಸಹಜವೇ ಆಗಿದೆ. ಅಡಿಕೆ ಮಾರಿದ ಹಣದಿಂದ ಫೀಸು ಕಟ್ಟುವ ಮೊದಲು, ಯಾವ ವಿದ್ಯೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಯಾವುದು ನೋಡಲು ಮಾತ್ರ ಚೆಂದ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಈ ಸಂಚಿಕೆಯಲ್ಲಿ ನಾವು ಅದನ್ನೇ ವಿಚಾರ ಮಾಡೋಣ.

ಅಳೆಯುವುದು ಹೇಗೆ?

ಪ್ರತಿಯೊಂದು ವಿದ್ಯೆಯ ಗುರುಗಳೂ ತಮ್ಮದೇ ಶ್ರೇಷ್ಠವೆನ್ನುತ್ತಾರೆ. ಆದುದರಿಂದ ಮೂರು ಪ್ರಶ್ನೆಗಳನ್ನು ಅಳತೆಗೋಲಾಗಿ ಇಟ್ಟುಕೊಳ್ಳೋಣ. ಒಂದನೆಯದಾಗಿ, ಅಭ್ಯಾಸದಲ್ಲಿ ಎದುರಿನವನು ಸುಲಭವಾಗಿ ಬಿಟ್ಟುಕೊಡದೆ ಬಲ ಹಾಕಿ ವಿರೋಧಿಸುತ್ತಾನೆಯೆ? ಎರಡನೆಯದಾಗಿ, ವಿದ್ಯೆ ಕೈಗೆ ಹತ್ತಲು ಎಷ್ಟು ಕಾಲ ಬೇಕು? ಮೂರನೆಯದಾಗಿ, ನಾವು ದಿನವೂ ಉಡುವ ಬಟ್ಟೆಯಲ್ಲಿ, ನಡೆಯುವ ದಾರಿಯಲ್ಲಿ ಅದು ನಡೆಯುತ್ತದೆಯೆ?

ಇವುಗಳಲ್ಲಿ ಮೊದಲನೆಯದೇ ಮುಖ್ಯ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಹತ್ತುವುದನ್ನು ಅಂಗಳದಲ್ಲಿ ಕುಳಿತು ಕೇಳಿ ಕಲಿತವರಿಲ್ಲ. ಮರ ಅಲುಗಾಡುವಾಗ ಮೈ ಹೇಗೆ ಹಿಡಿತ ಸಾಧಿಸಬೇಕೆಂಬುದನ್ನು ಮರವೇ ಕಲಿಸುತ್ತದೆ. ಹೊಡೆದಾಟವೂ ಹಾಗೆಯೇ. ಮೊದಲೇ ಮಾತಾಡಿಕೊಂಡು ಮಾಡುವ ಪ್ರದರ್ಶನದಲ್ಲಿ ಎದುರಾಳಿ ಕೈ ಕೊಡುತ್ತಾನೆ, ನಾವು ಹಿಡಿಯುತ್ತೇವೆ. ಬೀದಿಯಲ್ಲಿ ಯಾರೂ ಹಾಗೆ ಕೈ ಕೊಡುವುದಿಲ್ಲ.

ಕಳರಿ

ನಮಗೆ ಅತ್ಯಂತ ಹತ್ತಿರದ ವಿದ್ಯೆ ಕಳರಿಪಯಟ್ಟು. ಉತ್ತರ ಮಲಬಾರು ಅದರ ತವರು. ಸಂಪ್ರದಾಯದ ಕಳರಿ 42 ಅಡಿ ಉದ್ದ, 21 ಅಡಿ ಅಗಲದ, ನೆಲಮಟ್ಟಕ್ಕಿಂತ ಕೆಳಗೆ ಅಗೆದ ಅಂಕಣ. ಹದಿನಾರನೆಯ ಶತಮಾನದ ಆರಂಭದಲ್ಲಿ ಮಲಬಾರಿನಲ್ಲಿದ್ದ ಪೋರ್ಚುಗೀಸ್ ಲೇಖಕ ಡುವಾರ್ಟೆ ಬಾರ್ಬೋಸಾ, ನಾಯರ್ ಹುಡುಗರನ್ನು ಏಳನೆಯ ವಯಸ್ಸಿನಿಂದಲೇ ಇಂತಹ ಶಾಲೆಗಳಿಗೆ ಕಳುಹಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕೇರಳದ ಸಂತ ತೋಮಸರ ಕ್ರೈಸ್ತರೂ ಹಿಂದೆ ಈ ವಿದ್ಯೆಯನ್ನು ಕಲಿತವರೇ.

ಕಲಿಕೆಗೆ ಒಂದು ಕ್ರಮವಿದೆ. ಮೊದಲು ಮೈಪಳಗಿಸುವ ಮೆಯ್‌ತ್ತಾರಿ, ಆಮೇಲೆ ಮರದ ಆಯುಧಗಳ ಕೋಲ್‌ತ್ತಾರಿ, ನಂತರ ಕತ್ತಿ ಗುರಾಣಿಗಳ ಅಂಗತ್ತಾರಿ, ಕೊನೆಗೆ ಬರಿಗೈಯ ವರುಂಕೈ. ಇಲ್ಲೇ ನಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿದೆ. ಬೀದಿಯಲ್ಲಿ ಹೆಚ್ಚಾಗಿ ಬೇಕಾಗುವ ಬರಿಗೈ ವಿದ್ಯೆ ಇಲ್ಲಿ ಕೊನೆಗೆ ಬರುತ್ತದೆ, ಅಲ್ಲಿಗೆ ತಲಪಲು ವರ್ಷಗಳೇ ಬೇಕು. ಎರಡು ತಿಂಗಳ ರಜೆಯಲ್ಲಿ ಕಳರಿ ಕಲಿತು ಆತ್ಮರಕ್ಷಣೆ ಮಾಡಿಕೊಳ್ಳಬಹುದೆಂದು ಯಾರಾದರೂ ಹೇಳಿದರೆ ನಂಬಬಾರದು.

ಆದರೆ ಮೈಗೆ ಕಳರಿ ಕೊಡುವಷ್ಟನ್ನು ಕೊಡುವ ವಿದ್ಯೆಗಳು ಕಡಿಮೆ. ಸೊಂಟ, ತೊಡೆ, ಪಾದಗಳು ಬಾಗುತ್ತವೆ, ಕಣ್ಣು ಚುರುಕಾಗುತ್ತದೆ, ಕಾಲಿನ ಹಿಡಿತ ಗಟ್ಟಿಯಾಗುತ್ತದೆ. ವಡಗರದ ಮೀನಾಕ್ಷಿ ಅಮ್ಮನವರು ಎಪ್ಪತ್ತು ದಾಟಿದ ಮೇಲೂ ಸೀರೆಯುಟ್ಟೇ ಕಳರಿಯಲ್ಲಿ ಇಳಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂತು. ದೀರ್ಘಕಾಲ ಕಲಿಯುವ ತಾಳ್ಮೆಯಿರುವ ಮಕ್ಕಳಿಗೆ ಕಳರಿ ಒಳ್ಳೆಯದು.

ಗರಡಿ ಮತ್ತು ಕುಸ್ತಿ

ತುಳುನಾಡಿನಲ್ಲಿ ಗರಡಿ ಎಂದೊಡನೆ ಕೋಟಿ ಚೆನ್ನಯರ ಆರಾಧನೆಯ ಸ್ಥಳ ನೆನಪಾಗುತ್ತದೆ. ಗರಡಿ ಎಂಬ ಹೆಸರು ಸಾಧನೆಯ ಮನೆಯದು. ಮೈಸೂರು ಕಡೆ ಗರಡಿಮನೆ ಎಂದರೆ ಇಂದಿಗೂ ಕೆಮ್ಮಣ್ಣಿನ ಮಟ್ಟಿ, ಗದೆ, ದಂಡ ಬಸ್ಕಿ ಮತ್ತು ಪೈಲ್ವಾನರು. ಆಚೆ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು 1912ರಲ್ಲಿ ಕುಸ್ತಿಗೆಂದೇ ಖಾಸ್‌ಬಾಗ್ ಮೈದಾನ ಕಟ್ಟಿಸಿದರು. ಕರಾಡದ ಹತ್ತಿರದ ಹಳ್ಳಿಯ ಖಾಶಾಬಾ ಜಾಧವ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುಸ್ತಿಯಲ್ಲಿ ಕಂಚು ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕ ಅದು.

ನಮ್ಮ ಮೊದಲ ಪ್ರಶ್ನೆಗೆ ಕುಸ್ತಿಯಷ್ಟು ಸರಿಯಾದ ಉತ್ತರ ಕೊಡುವ ವಿದ್ಯೆ ಬೇರೆ ಕಡಿಮೆ. ಮಟ್ಟಿಗೆ ಇಳಿದ ದಿನದಿಂದಲೇ ಎದುರಿನವನು ಪೂರ್ತಿ ಬಲ ಹಾಕುತ್ತಾನೆ. ಯಾರಾದರೂ ಕೊರಳಪಟ್ಟಿ ಹಿಡಿದಾಗ, ಹಿಂದಿನಿಂದ ತಬ್ಬಿದಾಗ ಗಾಬರಿಗೊಳ್ಳದೆ ಉಸಿರು ಹಿಡಿದು ನಿಲ್ಲುವುದನ್ನು ಕುಸ್ತಿ ಕಲಿಸುತ್ತದೆ. ಆದರೆ ಅದಕ್ಕೂ ಮಿತಿಯಿದೆ. ಕುಸ್ತಿಯಲ್ಲಿ ಗುದ್ದಿಗೆ ಅವಕಾಶವಿಲ್ಲದ ಕಾರಣ ಗುದ್ದಿನಿಂದ ಮುಖ ಕಾಯುವ ಅಭ್ಯಾಸ ಆಗುವುದಿಲ್ಲ. ಎದುರಿಗೆ ಇಬ್ಬರು ಮೂವರು ಇದ್ದರೆ ಒಬ್ಬನನ್ನು ಹಿಡಿದು ನೆಲಕ್ಕೆ ಬೀಳುವುದು ಅಪಾಯವೇ. ಹೆಣ್ಣುಮಕ್ಕಳಿಗೆ ಕಲಿಯಲು ನಮ್ಮ ಕಡೆ ಅನುಕೂಲವೂ ಕಡಿಮೆ.

ದೊಣ್ಣೆವರಸೆ

ತಮಿಳುನಾಡಿನ ಸಿಲಂಬಂ, ಕನ್ನಡದ ದೊಣ್ಣೆವರಸೆ, ಕಳರಿಯ ಉದ್ದಕೋಲು ಇವೆಲ್ಲ ಒಂದೇ ಬಿದಿರಿನ ನೆಂಟರು. ಇವುಗಳ ನಿಜವಾದ ಗುಟ್ಟು ಕಾಲಿನ ಹೆಜ್ಜೆಯಲ್ಲಿದೆ. ಎದುರಿನವನು ಕೈಗೆಟುಕುವಷ್ಟು ಹತ್ತಿರ ಬರದಂತೆ ಅಂತರ ಕಾಯುವುದೇ ಇಲ್ಲಿನ ಮುಖ್ಯ ಪಾಠ. ಅದು ಬರಿಗೈಯಲ್ಲಿರುವಾಗಲೂ ಉಪಯೋಗಕ್ಕೆ ಬರುತ್ತದೆ.

ಕೃಷಿಕರಾದ ನಮ್ಮ ಕೈಯಲ್ಲಿ ಕೋಲು ಇರುವುದು ಹೊಸತಲ್ಲ. ಆದರೆ ಕೋಲು ಬೀಸಲು ಸ್ಥಳ ಬೇಕು. ಬೈಲಿನಲ್ಲಿ, ಗುಡ್ಡೆಯಲ್ಲಿ ಬೀಸಬಹುದು, ಅಡಿಕೆ ಮರಗಳ ಸಾಲಿನೊಳಗೆ, ಬಸ್ಸಿನೊಳಗೆ ಸಾಧ್ಯವಿಲ್ಲ. ಅಲ್ಲಿ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿ ಅಂತರ ಕಾಯುವುದೇ ಸರಿ. ನಿಜ ಹೇಳಬೇಕೆಂದರೆ ನಮ್ಮ ಹಳ್ಳಿದಾರಿಯಲ್ಲಿ ಈ ಕೋಲಿಗೆ ಹೆಚ್ಚು ಕೆಲಸ ಕೊಡುವುದು ಬೀದಿನಾಯಿಗಳೇ. ಕೋಲು ಅಡ್ಡ ಹಿಡಿದು, ಬೆನ್ನು ತೋರಿಸದೆ, ಮೆಲ್ಲನೆ ಹಿಂದೆ ಸರಿಯಬೇಕು. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಕಾಡುಹಂದಿಯ ಎದುರು ಮಾತ್ರ ಯಾವ ವರಸೆಯೂ ಬೇಡ, ದಾರಿ ಬಿಟ್ಟುಕೊಡಿ.

ಪರದೇಶದ ಎರಡು ಪಾಠಗಳು

ಹಳೆಯ ವಿದ್ಯೆಯನ್ನು ಉಪಯೋಗಕ್ಕೆ ತರುವುದು ಹೇಗೆಂಬುದನ್ನು ಜಪಾನಿನ ಜಿಗೊರೊ ಕಾನೊ ತೋರಿಸಿಕೊಟ್ಟರು. ವೃತ್ತಿಯಲ್ಲಿ ಶಿಕ್ಷಣತಜ್ಞರಾಗಿದ್ದ ಅವರು 1882ರಲ್ಲಿ ಜೂಡೋ ಆರಂಭಿಸಿದರು. ಹಳೆಯ ಜುಜುತ್ಸುವಿನ ಅತಿ ಅಪಾಯದ ಪಟ್ಟುಗಳನ್ನು ಸೆಣಸಾಟದ ಅಭ್ಯಾಸದಿಂದ ಹೊರಗಿಟ್ಟು, ಉಳಿದವನ್ನು ಪೂರ್ತಿ ಬಲದಿಂದ ಪರಸ್ಪರ ಅಭ್ಯಾಸ ಮಾಡುವ ಕ್ರಮ ತಂದರು. ಕಣ್ಣಿಗೆ ಚುಚ್ಚುವ ಪಟ್ಟನ್ನು ಗೆಳೆಯನ ಮೇಲೆ ನಿಜವಾಗಿ ಪ್ರಯೋಗಿಸಿ ಅಭ್ಯಾಸ ಮಾಡಲಾಗದು. ಎತ್ತಿ ಹಾಕುವ ಪಟ್ಟನ್ನು ದಿನಕ್ಕೆ ನೂರು ಸಲ ಮಾಡಬಹುದು.

1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಬೇರೆ ಬೇರೆ ವಿದ್ಯೆಯವರನ್ನು ತೂಕದ ಭೇದವಿಲ್ಲದೆ ಎದುರುಬದುರು ನಿಲ್ಲಿಸಿದ ಸ್ಪರ್ಧೆ ನಡೆಯಿತು. ಗೆದ್ದವರು ಹಲವರಿಗಿಂತ ಹಗುರ ದೇಹದ ಬ್ರೆಜಿಲಿನ ರಾಯ್ಸ್ ಗ್ರೇಸಿ. ಅವರ ಮನೆತನದ ವಿದ್ಯೆಯ ಮೂಲ, ಕಾನೊ ಅವರ ಶಿಷ್ಯರೊಬ್ಬರು ಬ್ರೆಜಿಲಿಗೆ ಒಯ್ದ ಜೂಡೋ. ಅಂತಹ ಕ್ರೂರ ಸ್ಪರ್ಧೆಯನ್ನು ನಾವು ಮೆಚ್ಚುವುದಿಲ್ಲ. ಆದರೂ ವಿರೋಧಿಸುವವನೊಡನೆ ದಿನವೂ ಅಭ್ಯಾಸ ಮಾಡಿದವನಿಗೇ ಮೇಲುಗೈ ಎಂಬುದು ಅಲ್ಲಿ ಎಲ್ಲರಿಗೂ ಕಂಡುಬಂತು. ಕರಾಟೆಗೂ ಇದೇ ಮಾತು. ಗಾಳಿಯಲ್ಲಿ ಗುದ್ದಿ ಪಟ್ಟಿಯ ಬಣ್ಣ ಬದಲಿಸಿದರೆ ಸಾಲದು, ಜೊತೆಗಾರನೊಡನೆ ಸೆಣಸುವ ಅಭ್ಯಾಸ ಇರಬೇಕು.

ಹೆಣ್ಣುಮಕ್ಕಳ ವಿಷಯ

ಹಾಗಾದರೆ ವರ್ಷಗಟ್ಟಲೆ ಕಲಿಯಲಾಗದ ಮಗಳಿಗೆ ಏನು ದಾರಿ? ಕೆನಡಾದ ಮೂರು ವಿಶ್ವವಿದ್ಯಾನಿಲಯಗಳಲ್ಲಿ 893 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ 12 ಗಂಟೆಗಳ ತರಬೇತಿ, ಉಳಿದವರಿಗೆ ಮಾಹಿತಿ ಪತ್ರಗಳು ಮಾತ್ರ. ಒಂದು ವರ್ಷದಲ್ಲಿ ಅತ್ಯಾಚಾರಕ್ಕೆ ಒಳಗಾದವರು ಪತ್ರ ಮಾತ್ರ ಪಡೆದವರಲ್ಲಿ ಶೇಕಡಾ 9.8, ತರಬೇತಿ ಪಡೆದವರಲ್ಲಿ ಶೇಕಡಾ 5.2. ಅಂದರೆ ಸುಮಾರು ಅರ್ಧ.

ಆ 12 ಗಂಟೆಗಳಲ್ಲಿ ಕಲಿಸಿದ್ದೇನು? ಅಪಾಯವನ್ನು ಬೇಗನೆ ಗುರುತಿಸುವುದು, ಪರಿಚಿತನಾದರೂ ದಾಕ್ಷಿಣ್ಯ ಬಿಟ್ಟು ಗಟ್ಟಿಯಾಗಿ ‘ಬೇಡ’ ಎನ್ನುವುದು, ಬಿಡಿಸಿಕೊಳ್ಳುವ ಕೆಲವೇ ಸರಳ ಪಟ್ಟುಗಳು. ನಮ್ಮಲ್ಲಿ ಇದು ಇನ್ನೂ ಹೆಚ್ಚು ಅಗತ್ಯ. ರಾಷ್ಟ್ರೀಯ ಅಪರಾಧ ದಾಖಲೆಗಳ ವರದಿಗಳಲ್ಲಿ ಇಂತಹ ಪ್ರಕರಣಗಳ ಶೇಕಡಾ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ ಆಗಿರುತ್ತಾನೆ. ಕತ್ತಲ ದಾರಿಯ ಅಪರಿಚಿತನಿಗೆ ಹೆದರುವ ನಾವು, ಮನೆಗೆ ಬಂದುಹೋಗುವವರ ಬಗ್ಗೆ ಮಗಳು ಹೇಳಿದ ಮಾತನ್ನು ‘ಸುಮ್ಮನಿರು, ಅವರು ದೊಡ್ಡವರು’ ಎಂದು ತಳ್ಳಿಹಾಕಿದರೆ ಯಾವ ಕರಾಟೆಯೂ ಅವಳನ್ನು ಕಾಯಲಾರದು. ಮಗು ಹೇಳಿದುದನ್ನು ಮೊದಲು ನಂಬಿರಿ. ಮಕ್ಕಳ ಸಹಾಯವಾಣಿ 1098, ಮಹಿಳೆಯರದು 181, ತುರ್ತು ಪೊಲೀಸ್ ಸಹಾಯಕ್ಕೆ 112.

ಆಯುಧದ ಎದುರು

ಎದುರಿನವನ ಕೈಯಲ್ಲಿ ಕತ್ತಿ ಇದ್ದರೆ ಓಡಿ ತಪ್ಪಿಸಿಕೊಳ್ಳುವುದೇ ವಿದ್ಯೆ. ಕತ್ತಿಯನ್ನು ಬರಿಗೈಯಿಂದ ಕಿತ್ತುಕೊಳ್ಳುವ ಪಟ್ಟು ವೇದಿಕೆಯ ಮೇಲೆ ಸುಂದರ, ಬೀದಿಯಲ್ಲಿ ಪ್ರಾಣಕ್ಕೆ ಸಂಚಕಾರ. ಕೇಳಿದ್ದು ಹಣವಾದರೆ ಕೊಟ್ಟುಬಿಡಿ, ಸರವಾದರೆ ಬಿಟ್ಟುಬಿಡಿ. ನಾವು ಹುಲ್ಲಿಗೆ ಹೋಗುವಾಗ ಸೊಂಟದಲ್ಲಿರುವ ಕತ್ತಿಯನ್ನು ಜಗಳದಲ್ಲಿ ತೆಗೆಯಲೇಬಾರದು. ಬೇಲಿಯ ಜಗಳ ಎಷ್ಟೋ ಮನೆಗಳಲ್ಲಿ ಜೈಲಿನಲ್ಲಿ ಮುಗಿದದ್ದು ಹೀಗೆಯೇ.

ಕಾನೂನು, ಧರ್ಮ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರ ವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ. ಪೊಲೀಸರ ಸಹಾಯ ಪಡೆಯಲು ಸಮಯವಿದ್ದಾಗ ಆ ಹಕ್ಕೇ ಇಲ್ಲ.

ಧರ್ಮಸಭೆಯ ಬೋಧನೆಯೂ ಇದಕ್ಕೆ ಹತ್ತಿರವೇ. ಸ್ವಂತ ಜೀವವನ್ನು ಕಾಯುವುದು ನ್ಯಾಯ, ಇತರರ ಜೀವದ ಹೊಣೆ ಹೊತ್ತವರಿಗೆ ಅದು ಗಂಭೀರ ಕರ್ತವ್ಯ, ಆದರೆ ಅಗತ್ಯಕ್ಕಿಂತ ಹೆಚ್ಚು ಬಲ ಪಾಪ ಎಂದು ಧರ್ಮೋಪದೇಶ ಗ್ರಂಥದ 2263ರಿಂದ 2265ರ ವರೆಗಿನ ಪರಿಚ್ಛೇದಗಳು ತಿಳಿಸುತ್ತವೆ. ಮಹಾಯಾಜಕನ ಮುಂದೆ ಕಾವಲುಗಾರನು ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ತಿರುಗಿ ಹೊಡೆಯಲಿಲ್ಲ. ಹಾಗೆಂದು ಸುಮ್ಮನೆಯೂ ಇರಲಿಲ್ಲ, ಯಾಕೆ ಹೊಡೆದೆ ಎಂದು ಕೇಳಿದರು. ಅನ್ಯಾಯವನ್ನು ಬಾಯಿಬಿಟ್ಟು ಪ್ರಶ್ನಿಸುವುದು ಕ್ರೈಸ್ತ ವಿನಯಕ್ಕೆ ವಿರುದ್ಧವಲ್ಲವೆಂದು ನಮ್ಮ ಹೆಣ್ಣುಮಕ್ಕಳಿಗೂ ಹೇಳಿಕೊಡೋಣ.

ವಯಸ್ಸಾದವರಿಗೂ ಪಾಲಿದೆ

ಅರುವತ್ತು ದಾಟಿದವರಿಗೆ ದೊಡ್ಡ ವೈರಿ ಜಾರುವ ಅಂಗಳ. 2019ರಲ್ಲಿ ಪ್ರಕಟವಾದ ಕೊಕ್ರೇನ್ ಪರಿಶೀಲನೆಯಂತೆ ಕ್ರಮವಾದ ವ್ಯಾಯಾಮದಿಂದ ಹಿರಿಯರು ಬೀಳುವುದು ಶೇಕಡಾ 23ರಷ್ಟು ಕಡಿಮೆಯಾಗುತ್ತದೆ. ಚೀನಾದ ಹಳೆಯ ಯುದ್ಧವಿದ್ಯೆ ತಾಯಿ ಚಿಯ ನಿಧಾನ ಹೆಜ್ಜೆಗಳಿಂದ ಶೇಕಡಾ 19ರಷ್ಟು. ಗೋಡೆಯ ಬಳಿ ನಿಂತು ಒಂದೊಂದೇ ಕಾಲಿನ ಮೇಲೆ ಸಮತೋಲ ಸಾಧಿಸುವ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷ ಮನೆಯಲ್ಲೇ ಮಾಡಬಹುದು. ಮಂಡಿನೋವು, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು.

ಫೀಸು ಕಟ್ಟುವ ಮೊದಲು

1. ಒಂದು ಸಂಜೆ ಪೂರ್ತಿ ತರಗತಿಯಲ್ಲಿ ಕುಳಿತು ನೋಡಿ. ತಂದೆ ತಾಯಿಯರನ್ನು ಒಳಗೆ ಬಿಡದ ತರಗತಿ ಬೇಡ.
2. ಮಕ್ಕಳು ಜೋಡಿಯಾಗಿ, ನಿಜವಾದ ಬಲ ಹಾಕಿ, ಸುರಕ್ಷಿತವಾಗಿ ಅಭ್ಯಾಸ ಮಾಡುತ್ತಾರೆಯೆ ಎಂದು ಗಮನಿಸಿ.
3. ಬೀಳುವುದನ್ನು ಮೊದಲು ಕಲಿಸುತ್ತಾರೆಯೆ ಕೇಳಿ.
4. ಕೂಗಿ ಸಹಾಯ ಕರೆಯುವುದನ್ನೂ ಓಡುವುದನ್ನೂ ಕಲಿಸದವರು ಆತ್ಮರಕ್ಷಣೆ ಕಲಿಸುತ್ತಿಲ್ಲ.
5. ಸಾಧ್ಯವಾದರೆ ನಾಲ್ಕೈದು ಮನೆಯ ಮಕ್ಕಳನ್ನು ಒಟ್ಟಿಗೆ ಸೇರಿಸಿ. ಒಟ್ಟಿಗೆ ಕಲಿತವರು ಸಂಜೆ ಒಟ್ಟಿಗೆ ನಡೆದು ಬರುತ್ತಾರೆ, ದಾರಿಯಲ್ಲಿ ಅದಕ್ಕಿಂತ ದೊಡ್ಡ ರಕ್ಷಣೆಯಿಲ್ಲ.