ಟಿಬೆಟ್ಟಿನ ಟಂಕ

ನಾಣ್ಯವನ್ನು ಅಚ್ಚೊತ್ತುವ ಸ್ಥಳಕ್ಕೆ ನಮ್ಮಲ್ಲಿ ಟಂಕಸಾಲೆಯೆಂದು ಹೆಸರಷ್ಟೆ. ಆ ಪದದೊಳಗಿನ ಸಂಸ್ಕೃತದ ‘ಟಂಕ’ ಶಬ್ದವೇ ಹಿಮಾಲಯವನ್ನು ದಾಟಿ, ಟಿಬೆಟ್ಟಿನ ಬೆಳ್ಳಿನಾಣ್ಯಕ್ಕೆ ‘ತಂಕಾ’ ಎಂಬ ಹೆಸರಾಯಿತು.

ಬಹುಕಾಲ ಟಿಬೆಟ್ಟಿನವರು ಬೆಳ್ಳಿಯನ್ನು ನೇಪಾಳಕ್ಕೆ ಕಳುಹಿಸುತ್ತಿದ್ದರು. ಅಲ್ಲಿಯ ಮಲ್ಲರಾಜರು ಅದನ್ನು ಟಂಕಿಸಿ ಕೊಡುತ್ತಿದ್ದರು. ಕ್ರಮೇಣ ಬೆಳ್ಳಿಯಲ್ಲಿ ತಾಮ್ರವು ಬೆರೆಯಿತು. ಈ ಕಲಬೆರಕೆಯ ನಾಣ್ಯಗಳಿಗೆ ಕಟ್ಟಬೇಕಾದ ಬೆಲೆಯ ವಿವಾದವು 1788ರ ಗೂರ್ಖಾ ಯುದ್ಧಕ್ಕೆ ಒಂದು ಕಾರಣವಾಯಿತು. ಅನಂತರವೇ ಟಿಬೆಟ್ಟು ತನ್ನ ನಾಣ್ಯವನ್ನು ತಾನೇ ಕ್ರಮವಾಗಿ ಟಂಕಿಸತೊಡಗಿತು.

19ನೆಯ ಶತಮಾನದ ‘ಗಾಂದೆನ್ ತಂಕಾ’ ಬಹು ಸೊಗಸಾದುದು. ಒಂದು ಮುಖದಲ್ಲಿ ಕಮಲದ ಸುತ್ತಲೂ ಛತ್ರ, ಮತ್ಸ್ಯ, ಕಲಶ, ಪದ್ಮ, ಶಂಖ, ಶ್ರೀವತ್ಸ, ಧ್ವಜ, ಚಕ್ರಗಳೆಂಬ ಬೌದ್ಧರ ಅಷ್ಟಮಂಗಲಗಳು. ಇನ್ನೊಂದರಲ್ಲಿ ‘ಗಾಂದೆನ್ ಅರಮನೆ ಸರ್ವದಿಗ್ವಿಜಯಿ’ ಎಂಬರ್ಥದ ಲೇಖ. ಗಾಂದೆನ್ ಎಂದರೆ ತುಷಿತಲೋಕ. ಗಾಂದೆನ್ ಅರಮನೆಯೆಂಬುದು ದಲಾಯಿ ಲಾಮಾ ಅವರ ಸರ್ಕಾರದ ಹೆಸರಾಗಿತ್ತು. ಚಿಲ್ಲರೆ ಬೇಕಾದಾಗ ಜನರು ಇಂತಹ ನಾಣ್ಯವನ್ನೇ ಕತ್ತರಿಸಿ, ತುಂಡುಗಳನ್ನು ಚಲಾಯಿಸುತ್ತಿದ್ದರು!

1959ರಲ್ಲಿ ಟಿಬೆಟ್ಟಿನ ಸ್ವಂತ ಹಣವು ರದ್ದಾಯಿತು. ಆದರೆ ಅದರ ಚರಿತ್ರೆಯು ಕಲಿಸುವ ಪಾಠವು ರದ್ದಾಗತಕ್ಕುದಲ್ಲ. ಮುದ್ರೆಯು ಕೊಟ್ಟ ಮಾತನ್ನು ಲೋಹವು ನಡೆಯಿಸಬೇಕು. ತಪ್ಪಿದರೆ ನೆರೆಹೊರೆಯವರೂ ಶತ್ರುಗಳಾಗುವರು.