ಸುಲಿಯುವ ಅಲಗೂ ತಾಮ್ರದ ತೊಗಲೂ

ಸೊರಬ ತಾಲ್ಲೂಕಿನ ಗುಡವಿಯಲ್ಲಿ, ಪಕ್ಷಿಧಾಮದ ಕೆರೆಗೆ ಕೂಗಳತೆಯ ದೂರದಲ್ಲಿ ಮನೆ ಮಾಡಿಕೊಂಡಿರುವ ಓದುಗರೊಬ್ಬರು ತಮ್ಮ ಪತ್ರದೊಡನೆ ಗೇಣುದ್ದದ ಕರಿಯ ಕೇಬಲ್ ತುಂಡೊಂದನ್ನೂ ಲಕೋಟೆಯಲ್ಲಿಟ್ಟು ಕಳುಹಿಸಿರುವರು. ಅವರ ಮನೆಯ ಮಾಡಿನ ಮೇಲಿರುವ ಡಿಶ್ಶಿನಿಂದ ಟೀವಿಯವರೆಗೆ ಬರುವ ತಂತಿಯ ತುದಿಯದು. ಅದರ ಮೂತಿಗೆ ಸಿಕ್ಕಿಸಿದ ಲೋಹದ ಎಫ್ ಕನೆಕ್ಟರ್ ಇನ್ನೂ ಅಂಟಿಕೊಂಡೇ ಇದೆ. ಬೇಸಗೆಯಲ್ಲೆಲ್ಲ ನಿರ್ಮಲವಾಗಿ ಕಾಣುವ ಚಿತ್ರವು, ಜೂನ್ ತಿಂಗಳಲ್ಲಿ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆಗಳು ಬಂದು ಕೆರೆಯೊಳಗಿನ ಮರಗಳಲ್ಲಿ ಗೂಡು ಹೂಡುವ ಹೊತ್ತಿಗೆ ಸರಿಯಾಗಿ ಚೂರುಚೂರಾಗತೊಡಗಿ, ಶ್ರಾವಣದಲ್ಲಿ ಇಲ್ಲವಾಗುತ್ತದೆಯೆಂದೂ, ನೆರೆಯವರು ಇದಕ್ಕೆ ಹಕ್ಕಿಗಳನ್ನು ದೂರುವರೆಂದೂ, ಹಿರಿಯರೊಬ್ಬರು ಡಿಶ್ಶು ಆಗ್ನೇಯಕ್ಕೆ ಮುಖ ಮಾಡಿರುವುದೇ ದೋಷವೆಂದು ಅದರ ಕಂಬಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿಸಿರುವರೆಂದೂ ಬರೆದಿದ್ದಾರೆ. ಅಡುಗೆಮನೆಯ ಚಾಕುವಿನಿಂದ ಕೇಬಲ್ ಸುಲಿದು ಮೂರು ಬಾರಿ ಕನೆಕ್ಟರ್ ಬದಲಿಸಿಯೂ ಫಲ ಕಾಣದೆ, ಇದಕ್ಕೆಂದೇ ಇರುವ ಉಪಕರಣಗಳಲ್ಲಿ ಯಾವುದನ್ನು ಕೊಳ್ಳಬೇಕೆಂದು ಅವರು ಕೇಳಿರುವರು.

ಹಕ್ಕಿಗಳು ನಿರಪರಾಧಿಗಳು. ನಿಂಬೆಹಣ್ಣಿನ ವಿಷಯವನ್ನಂತೂ ಖಂಡಿಸದೆ ಮುಂದೆ ಹೋಗಲಾರೆ. ಉಚಿತ ಚಾನೆಲ್ಲುಗಳನ್ನು ಬಿತ್ತರಿಸುವ ಡಿಡಿ ಫ್ರೀ ಡಿಶ್ ಸೇವೆಯ ಉಪಗ್ರಹವು ಭೂಮಧ್ಯರೇಖೆಯ ಮೇಲೆ, ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿ, ೯೩.೫ ಡಿಗ್ರಿ ಪೂರ್ವ ರೇಖಾಂಶದಲ್ಲಿ ನೆಲೆನಿಂತಿರುವುದು. ೭೫ ಡಿಗ್ರಿಯ ಆಸುಪಾಸಿನಲ್ಲಿರುವ ಸೊರಬ ಸೀಮೆಯಿಂದ ಅದನ್ನು ಕಾಣಬೇಕಾದರೆ ಡಿಶ್ಶು ಆಗ್ನೇಯಕ್ಕಲ್ಲದೆ ಬೇರೆಲ್ಲಿಗೆ ನೋಡೀತು? ಮುಖ ತಿರುಗಿಸಿದರೆ ಬೇಸಗೆಯ ಚಿತ್ರವೂ ಹೋಗುವುದು. ಧಾರಾಕಾರವಾಗಿ ಮಳೆ ಹೊಯ್ಯುವಾಗ ಆಕಾಶದ ಆ ಅಲೆಗಳನ್ನು ನೀರಹನಿಗಳು ಹೀರುವುದೇನೋ ದಿಟ. ಆದರೆ ಹಾಗೆ ಹೋದ ಚಿತ್ರವು ಮಳೆಯ ರಭಸ ತಗ್ಗಿದೊಡನೆ ಮರಳಿ ಬರಬೇಕು. ಮಳೆ ನಿಂತು ಎರಡು ದಿನ ಬಿಸಿಲು ಕಾದರೂ ಬಾರದೆ ಇದ್ದರೆ, ತಪ್ಪನ್ನು ಮೋಡದಲ್ಲಿ ಹುಡುಕದೆ ತಂತಿಯ ತುದಿಯಲ್ಲಿ ಹುಡುಕತಕ್ಕದ್ದು.

ನಾನು ಹುಡುಕಿದೆ. ಕನೆಕ್ಟರನ್ನು ಉದ್ದಕ್ಕೆ ಸೀಳಿ, ಬಿಸಿಲಿನಲ್ಲಿ ಭೂತಗನ್ನಡಿ ಹಿಡಿದು ನೋಡಿದಾಗ, ಹೊರಗಿನ ಕರಿಯ ಹೊದಿಕೆಯ ಕೆಳಗಿನ ಅಲ್ಯುಮಿನಿಯಂ ಎಳೆಗಳ ಜಾಲರಿಯಲ್ಲಿ ಅರ್ಧದಷ್ಟು ಎಳೆಗಳು ಕತ್ತರಿಸಿಹೋಗಿ, ಉಳಿದವು ಸುಣ್ಣದಂತಹ ಬಿಳಿಯ ಪುಡಿಯಾಗಿದ್ದವು. ಹಾಗೆ ಕತ್ತರಿಸಿದ ಎಳೆಗಳಲ್ಲೊಂದು, ಕೂದಲಿಗಿಂತ ತುಸುವೇ ದಪ್ಪನಾದುದು, ಒಳಕ್ಕೆ ಮಡಿಚಿಕೊಂಡು ನಡುವಿನ ತಂತಿಗೆ ತಾಗುವಷ್ಟು ಸಮೀಪದಲ್ಲಿ ನಿಂತಿತ್ತು. ನಡುವಿನ ತಂತಿಯ ಬುಡದಲ್ಲಿ ಚಾಕುವಿನ ಅಲಗು ಸುತ್ತುಹಾಕಿದ್ದರ ಗುರುತಾಗಿ ಒಂದು ಉಂಗುರದಂತಹ ಗೀರು. ಆ ಗೀರಿನುದ್ದಕ್ಕೂ ಕಂದುಬಣ್ಣದ ತುಕ್ಕು. ಬೆರಳಿನಿಂದ ಮೆಲ್ಲನೆ ಬಾಗಿಸಿದೆ. ತಂತಿಯು ಗೀರಿನಲ್ಲಿಯೇ ಪಟ್ಟನೆ ಮುರಿಯಿತು.

ತಾಮ್ರದ ತಂತಿಗೆ ಕಬ್ಬಿಣದ ತುಕ್ಕು ಎಲ್ಲಿಂದ ಬಂದಿತೆಂದು ಓದುಗರು ಕೇಳಬಹುದು. ಅದು ತಾಮ್ರದ ತಂತಿಯೇ ಅಲ್ಲ. ಮನೆಗಳಲ್ಲಿ ಬಳಸುವ ಆರ್‌ಜಿ-೬ ಎಂಬ ಕೇಬಲ್ಲಿನ ನಡುವೆ ಇರುವ, ಒಂದು ಮಿಲಿಮೀಟರ್ ದಪ್ಪದ ಈ ತಂತಿಯು ಬಹುಮಟ್ಟಿಗೆ ಉಕ್ಕಿನದು. ಅದರ ಮೇಲೆ ಮಿಲಿಮೀಟರಿನ ಕೆಲವೇ ನೂರನೆಯ ಪಾಲಿನಷ್ಟು ತೆಳ್ಳನೆಯ ತಾಮ್ರದ ತೊಗಲನ್ನು ಹೊದಿಸಿರುತ್ತಾರೆ. ಇದನ್ನು ಕೇಳಿದವರು ತಯಾರಕರ ಮೋಸವೆಂದು ಭಾವಿಸುವುದುಂಟು. ಮೋಸವಲ್ಲ, ನಿಸರ್ಗದ ಒಂದು ಚೋದ್ಯವನ್ನು ಅರಿತು ಮಾಡಿದ ಮಿತವ್ಯಯವದು. ದೀಪಕ್ಕೆ ಬರುವ ವಿದ್ಯುತ್ತು ತಂತಿಯ ಒಡಲನ್ನೆಲ್ಲ ತುಂಬಿಕೊಂಡು ಹರಿಯುವುದಾದರೂ, ಸೆಕೆಂಡಿಗೆ ಕೋಟಿಗಟ್ಟಲೆ ಬಾರಿ ದಿಕ್ಕು ಬದಲಿಸುವ ವಿದ್ಯುತ್ತು ತಂತಿಯ ಒಡಲನ್ನು ಬಿಟ್ಟು ಅದರ ಮೈಮೇಲೆಯೇ ಸಂಚರಿಸುವುದು. ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿ ಎಂಬ ಪೆಟ್ಟಿಗೆಯು ಉಪಗ್ರಹದ ಅಲೆಗಳನ್ನು ೯೫೦ರಿಂದ ೨೧೫೦ ಮೆಗಾಹರ್ಟ್ಸ್‌ಗಳವರೆಗಿನ ಕಂಪನಗಳನ್ನಾಗಿ ತಗ್ಗಿಸಿ ಕೆಳಕ್ಕೆ ಕಳುಹಿಸುವುದು. ಅಷ್ಟು ವೇಗದ ಕಂಪನಕ್ಕೆ ತಾಮ್ರದಲ್ಲಿ ಇಳಿಯಲು ಸಾಧ್ಯವಾಗುವ ಆಳ ಸುಮಾರು ಎರಡು ಮೈಕ್ರೋಮೀಟರ್, ಎಂದರೆ ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ. ತಮ್ಮ ಮನೆಯ ಚಿತ್ರ, ಸಂಗೀತ, ವಾರ್ತೆಗಳೆಲ್ಲವೂ ಇಷ್ಟು ತೆಳುವಾದ ಪದರವೊಂದನ್ನು ನಂಬಿಕೊಂಡಿರುವುದೆಂದು ತಿಳಿದವರು ಅದರ ಬಳಿ ಚಾಕುವನ್ನು ಒಯ್ಯಲು ಅಂಜದೆ ಇರಲಾರರು.

ಇನ್ನೂ ಸೋಜಿಗದ ಸಂಗತಿಯೊಂದುಂಟು. ಕೊಳವೆಯಲ್ಲಿ ನೀರು ಹರಿವಂತೆ ಚಿತ್ರವು ತಂತಿಯೊಳಗೆ ಹರಿದು ಬರುವುದೆಂದು ನಾವೆಲ್ಲ ಭಾವಿಸಿರುವೆವು. ವಸ್ತುತಃ ಆ ಅಲೆಯ ಶಕ್ತಿಯು ಸಂಚರಿಸುವುದು ಲೋಹದಲ್ಲಲ್ಲ, ನಡುವಿನ ತಂತಿಗೂ ಸುತ್ತಲಿನ ಜಾಲರಿಗೂ ಮಧ್ಯೆ ಇರುವ, ನಾವು ನಿಷ್ಪ್ರಯೋಜಕವೆಂದು ಸುಲಿದೆಸೆಯುವ ಬಿಳಿಯ ನೊರೆಪ್ಲಾಸ್ಟಿಕ್ಕಿನಲ್ಲಿ. ದಂಡಾವತಿ ಹೊಳೆಯ ನೀರಿಗೆ ಎರಡು ದಡಗಳಿದ್ದಂತೆ ಆ ಅಲೆಗೆ ಲೋಹಗಳೆರಡೂ ದಡಗಳು. ದಡಗಳ ನಡುವಣ ಅಂತರವು ಎಲ್ಲೆಡೆಯೂ ಒಂದೇ ಸಮನಾಗಿದ್ದರೆ ಅಲೆಯು ತಡೆಯಿಲ್ಲದೆ ಸಾಗುವುದು. ಎಲ್ಲಿಯಾದರೂ ನೊರೆಯು ನಜ್ಜುಗುಜ್ಜಾಗಿ ಅಂತರ ಕಿರಿದಾದರೆ, ಅಲ್ಲಿಂದ ಒಂದಂಶ ಹಿಂದಕ್ಕೆ ಪುಟಿಯುವುದು. ೭೫ ಓಮ್ ಎಂದು ಕೇಬಲ್ಲಿನ ಮೈಮೇಲೆ ಅಚ್ಚೊತ್ತಿರುವುದು ಈ ಅಂತರದ ಅನುಪಾತಕ್ಕೆ ಸಂಬಂಧಿಸಿದ ಸಂಖ್ಯೆ. ಒಂದರೊಳಗೊಂದು ಏಕಾಕ್ಷವಾಗಿರುವ ಈ ರಚನೆಗೆ ಆಲಿವರ್ ಹೆವಿಸೈಡ್ ೧೮೮೦ರಲ್ಲಿಯೇ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದಿದ್ದನು; ದೂರವಾಣಿಯ ಉಪಯೋಗಕ್ಕೆ ಅದನ್ನು ೧೯೨೯ರಲ್ಲಿ ಅಮೆರಿಕದ ಎಸ್ಪೆನ್‌ಶೀಡ್ ಮತ್ತು ಆಫೆಲ್ ಎಂಬವರು ರೂಪಿಸಿದರು. ಕೇಬಲ್ಲಿನ ನಡುವಿನ ತಂತಿಯೇ ಮುಳ್ಳಿನ ಕೆಲಸ ಮಾಡುವ ಎಫ್ ಕನೆಕ್ಟರು ೧೯೫೦ರ ದಶಕದಲ್ಲಿ ಎರಿಕ್ ವಿನ್‌ಸ್ಟನ್ ಎಂಬಾತನ ಕೈಯಿಂದ ಬಂದಿತು. ಬಲು ಅಗ್ಗದ, ಬಲು ಜಾಣ್ಮೆಯ ವಸ್ತು. ಆದರೆ ತಂತಿಯ ಮೈಯೇ ಸಂಪರ್ಕದ ಮೈಯಾಗುವುದರಿಂದ, ಸುಲಿಯುವವನ ಪ್ರತಿಯೊಂದು ತಪ್ಪೂ ಅಲ್ಲಿ ನೇರವಾಗಿ ಎಣಿಕೆಗೆ ಬರುವುದು.

ಸುಲಿಯುವ ವಿದ್ಯೆ ಗುಡವಿಯ ಸೀಮೆಗೆ ಹೊಸದೇನಲ್ಲ. ಕೊಯ್ಲಿನ ಕಾಲದ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತ ಹೆಂಗಸರು, ಹಸಿಯಡಕೆಯ ಸಿಪ್ಪೆಗೆ ಅಲಗು ಎಷ್ಟು ಇಳಿಯಬೇಕೋ ಅಷ್ಟೇ ಇಳಿಸಿ, ಕೈಯನ್ನು ತಿರುವಿ, ಒಳಗಿನ ಅಡಕೆಗೆ ಗಾಯವಾಗದಂತೆ ಬಿಡಿಸುವುದನ್ನು ನಾನು ಗಂಟೆಗಟ್ಟಲೆ ನೋಡುತ್ತ ಕುಳಿತದ್ದುಂಟು. ಅವರ ಅಲಗು ನಿಲ್ಲಬೇಕಾದ ಸ್ಥಳವನ್ನು ಬೆರಳುಗಳು ಬಲ್ಲವು. ವರ್ಷಗಳ ಅಭ್ಯಾಸದಿಂದ ಬಂದ ಬಲ್ಮೆಯದು. ವರ್ಷಕ್ಕೊಮ್ಮೆ ಒಂದೆರಡು ಕನೆಕ್ಟರ್ ಹಾಕುವವನಿಗೆ ಆ ಬಲ್ಮೆ ಬರುವ ಬಗೆಯಿಲ್ಲವಾದುದರಿಂದ, ನಿಲ್ಲಬೇಕಾದ ಸ್ಥಳವನ್ನು ಉಪಕರಣದ ಮೈಯಲ್ಲಿಯೇ ಕಟ್ಟಿಟ್ಟಿರುವರು. ಬಟ್ಟೆ ಸಿಕ್ಕಿಸುವ ಕ್ಲಿಪ್ಪಿನಂತೆ ಬಾಯಿ ತೆರೆಯುವ, ಬೆರಳು ತೂರಿಸಿ ಸುತ್ತಲು ಬಳೆಯುಳ್ಳ ಕೋಆಕ್ಸಿಯಲ್ ಸ್ಟ್ರಿಪ್ಪರಿನೊಳಗೆ ಆರು ಮಿಲಿಮೀಟರಿನಷ್ಟು ಅಂತರದಲ್ಲಿ ಎರಡು ಪುಟ್ಟ ಅಲಗುಗಳಿವೆ. ಒಂದು ಹೊರಹೊದಿಕೆಯನ್ನಷ್ಟೇ ಕತ್ತರಿಸಿ ಜಾಲರಿಯ ಮೇಲೆ ನಿಲ್ಲುವುದು. ಇನ್ನೊಂದು ಹೊದಿಕೆ, ಜಾಲರಿ, ನೊರೆಗಳನ್ನೆಲ್ಲ ದಾಟಿ ತಾಮ್ರಕ್ಕೆ ಕೂದಲೆಳೆಯಷ್ಟು ಮೊದಲೇ ನಿಲ್ಲುವುದು. ಮನೆಯ ವೈರಿಂಗಿಗೆ ಬಳಸುವ ತೂತುಗಳ ಇಕ್ಕಳವು ಒಂದೇ ಹೊದಿಕೆಯ ತಂತಿಗೆಂದು ಹುಟ್ಟಿದ್ದು. ಇಲ್ಲಿ ಅದು ಜಾಲರಿಯನ್ನು ಹರಿಯುವುದಲ್ಲದೆ ನೊರೆಯನ್ನೂ ಹಿಸುಕುವುದು.

ಕೊಳ್ಳುವಾಗ, ಅಲಗಿನ ಆಳವನ್ನು ಪುಟ್ಟ ತಿರುಪಿನಿಂದ ಹೊಂದಿಸಬಲ್ಲ, ಮೊಂಡಾದ ಅಲಗನ್ನು ಬದಲಿಸಬಲ್ಲ ಸ್ಟ್ರಿಪ್ಪರನ್ನೇ ಆರಿಸತಕ್ಕದ್ದೆಂದು ನನ್ನ ಅಭಿಪ್ರಾಯ. ಪೇಟೆಯಲ್ಲಿ ಸಿಗುವ ಆರ್‌ಜಿ-೬ ಎಲ್ಲವೂ ಒಂದೇ ದಪ್ಪದ ಹೊದಿಕೆಯವಲ್ಲ. ಆಳ ಬದಲಿಸಲಾಗದ ಉಪಕರಣವು ಒಂದು ಕೇಬಲ್ಲಿಗೆ ಹೊಂದಿ ಇನ್ನೊಂದನ್ನು ಗಾಯಗೊಳಿಸುವುದು. ತಂದ ದಿನವೇ ಡಿಶ್ಶಿನ ಬಳಿಗೆ ಹೋಗದೆ, ಬೇಡವಾದ ತುಂಡೊಂದರ ಮೇಲೆ ಪರೀಕ್ಷಿಸಿರಿ. ಅಲಗುಗಳು ಸರಾಗವಾಗಿ ತಿರುಗತೊಡಗುವವರೆಗೆ ನಾಲ್ಕೈದು ಸುತ್ತು ಸುತ್ತಿ, ಬಾಯಿ ತೆರೆದು, ಸಿಪ್ಪೆಯನ್ನು ಬೆರಳಿನಿಂದ ತಿರುವುತ್ತ ಎಳೆದು ತೆಗೆದ ಮೇಲೆ, ಬಿಳಿಯ ಕಾಗದದ ಮೇಲೆ ಉದುರಿದ ಜಾಲರಿಯ ಎಳೆಗಳನ್ನು ನೋಡಿರಿ: ತುದಿಯ ಸಿಪ್ಪೆಯೊಳಗಿನವನ್ನು ಬಿಟ್ಟು ಬೇರೆ ಎಳೆಗಳು ಉದುರಿದ್ದರೆ ಮೊದಲನೆಯ ಅಲಗು ಆಳವಾಯಿತು. ಬಳಿಕ ನಡುವಿನ ತಂತಿಯ ಮೇಲೆ ಬುಡದಿಂದ ತುದಿಗೆ ಉಗುರನ್ನು ಮೆಲ್ಲನೆ ಎಳೆಯಿರಿ. ಎಲ್ಲಿಯೂ ಅದು ತಡೆಯಬಾರದು. ತಡೆದರೆ ಎರಡನೆಯ ಅಲಗನ್ನು ಕಾಲು ಸುತ್ತು ಮೇಲೆತ್ತಿ ಮತ್ತೆ ನೋಡಿರಿ. ತಂತಿಗೆ ಅಂಟಿದ ಬಿಳಿಯ ಅಂಟನ್ನೂ ಉಗುರಿನಿಂದಲೇ ಉಜ್ಜಿ ತೆಗೆಯಬೇಕು, ಚಾಕುವಿನಿಂದಲ್ಲ.

ಉಳಿದುದು ಸುಲಭ. ಜಾಲರಿಯನ್ನು ಹೊದಿಕೆಯ ಮೇಲೆ ಹಿಂದಕ್ಕೆ ಮಡಿಚಿ, ನೊರೆಗೆ ಅಂಟಿದ ಅಲ್ಯುಮಿನಿಯಂ ಹಾಳೆಯನ್ನು ಹಾಗೆಯೇ ಬಿಟ್ಟು, ಬಿಳಿಯ ನೊರೆಯು ಕನೆಕ್ಟರಿನ ಒಳನೆಲಕ್ಕೆ ಸಮವಾಗಿ ಕಾಣುವವರೆಗೆ ಒತ್ತಿ ತೂರಿಸಿರಿ. ತಂತಿಯು ಕನೆಕ್ಟರಿನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗಿದ್ದರೆ ಸಾಕು. ಆ ಮೇಲೆ ಕನೆಕ್ಟರಿನ ಕತ್ತನ್ನು ಕ್ರಿಂಪಿಂಗ್ ಇಕ್ಕಳದ ಆರು ಮೂಲೆಯ ಅಚ್ಚಿನಲ್ಲಿಟ್ಟು ಒಮ್ಮೆಗೇ ಅದುಮುವುದು. ಸಾಮಾನ್ಯ ಇಕ್ಕಳದಿಂದ ಹಿಸುಕಿದರೆ ಕತ್ತು ಚಪ್ಪಟೆಯಾಗಿ ಎರಡು ಪಕ್ಕದಲ್ಲಿ ಸಂದುಳಿಯುವುದು. ಮಲೆನಾಡಿನ ಮಳೆಗೆ ಅಷ್ಟು ಸಂದು ಧಾರಾಳ. ಒಳಹೊಕ್ಕ ನೀರನ್ನು ಜಾಲರಿಯು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರಿಕೊಳ್ಳುವುದು. ಎಲ್‌ಎನ್‌ಬಿಯನ್ನು ನಡೆಸಲೆಂದು ಅದೇ ಕೇಬಲ್ಲಿನಲ್ಲಿ ಮೇಲಕ್ಕೆ ಹೋಗುವ ೧೩ ಅಥವಾ ೧೮ ವೋಲ್ಟ್ ವಿದ್ಯುತ್ತು ಒದ್ದೆಯಾದ ತಂತಿಯ ಸವಕಳಿಯನ್ನು ತ್ವರೆಗೊಳಿಸುವುದು. ನಮ್ಮ ಓದುಗರ ಚಿತ್ರವು ಹಕ್ಕಿಗಳೊಡನೆ ಹೋದುದರ ಕಾರಣವಿದು: ಹಕ್ಕಿಗಳು ಬರುವುದು ಮಳೆಯೊಡನೆ, ತುಕ್ಕು ಬರುವುದೂ ಮಳೆಯೊಡನೆ.

ಅಡಕೆಯ ಅಂಗಳದ ಕಾವಲಿಗೆ ಸಿಸಿಟಿವಿ ಹಾಕಿಸುವವರು ಈಚೆಗೆ ಹೆಚ್ಚುತ್ತಿರುವುದರಿಂದ ಒಂದು ಮಾತು. ಅಲ್ಲಿ ಬಳಸುವ ಬಿಎನ್‌ಸಿ ಕನೆಕ್ಟರುಗಳ ಕ್ರಿಂಪ್ ಮಾದರಿಗೆ ನಡುವಿನ ತಂತಿಗೆ ಬೇರೆಯೇ ಮುಳ್ಳನ್ನು ತೊಡಿಸಬೇಕಾದುದರಿಂದ ಕೇಬಲನ್ನು ಮೂರು ಮೆಟ್ಟಿಲಾಗಿ ಸುಲಿಯಬೇಕು. ಅದಕ್ಕೆ ಮೂರು ಅಲಗಿನ ಸ್ಟ್ರಿಪ್ಪರ್ ಉಂಟು. ಕೇಬಲ್, ಕನೆಕ್ಟರ್, ಅಚ್ಚು ಮೂರೂ ಒಂದೇ ಅಳತೆಯವಾಗಿರಲಿ. ತೆಳುವಾದ ಆರ್‌ಜಿ-೫೯ ಕೇಬಲ್ಲಿಗೆ ಆರ್‌ಜಿ-೬ರ ಕನೆಕ್ಟರ್ ತೊಡಿಸಿ ಬಲವಾಗಿ ಅದುಮಿದರೆ ಸರಿಹೋಗುವುದೆಂದು ನಂಬಿದವರ ಕೇಬಲ್ಲುಗಳು ಕೈಯಲ್ಲಿಯೇ ಕಳಚಿ ಬಂದುದನ್ನು ಕಂಡಿರುವೆನು.

ಗುಡವಿಯ ಓದುಗರಿಗೆ, ಅವರು ಕಳುಹಿಸಿದ ತುಂಡಿನ ಇನ್ನೊಂದು ತುದಿಯನ್ನು ನನ್ನ ಸ್ಟ್ರಿಪ್ಪರಿನಿಂದಲೇ ಸುಲಿದು ಮರಳಿ ಅಂಚೆಗೆ ಹಾಕಿರುವೆನು. ಹೊಸ ಉಪಕರಣವನ್ನು ಹೊಂದಿಸುವಾಗ ಅದನ್ನು ಪಕ್ಕದಲ್ಲಿರಿಸಿಕೊಂಡು, ಎರಡರ ಮೇಲೂ ಉಗುರೆಳೆದು ನೋಡಿಕೊಳ್ಳಲಿ. ಮೃಗಶಿರ ಮಳೆ ಹಿಡಿಯುವುದರೊಳಗೆ ಮಾಡಿನ ಮೇಲೆ ಹತ್ತುವುದು ಒಳ್ಳೆಯದು. ಹತ್ತಿದಾಗ, ಕಂಬಕ್ಕೆ ಕಟ್ಟಿದ ಆ ನಿಂಬೆಹಣ್ಣನ್ನೂ ಬಿಚ್ಚಿ ತರಲಿ.