ಕಾರ್ಡು ಕೊಡದಿದ್ದರೆ ಹೋಗಲಿ, ಸಿಬಿಲ್‌ಗೂ ಕಪ್ಪು ಚುಕ್ಕೆಯೇ?

ದಾವಣಗೆರೆ: ಕ್ರೆಡಿಟ್ ಕಾರ್ಡಿಗೆ ಅರ್ಜಿ ಹಾಕಿ ‘ಇಲ್ಲ’ ಅನ್ನಿಸಿಕೊಂಡವರು ಈಗ ಬೀದಿಗೆ ಒಬ್ಬರಾದರೂ ಸಿಗುತ್ತಾರೆ. ಕಾರ್ಡು ಬರಲಿಲ್ಲ ಅನ್ನೋ ಬೇಜಾರು ಎರಡು ದಿನದ್ದು. ಆಮೇಲೆ ಕಾಡುವ ಭಯವೇ ಬೇರೆ. ‘ಒಂದು ಸಲ ರಿಜೆಕ್ಟ್ ಆಯ್ತು ಅಂದ್ರೆ ಸಿಬಿಲ್ ಕೆಟ್ಟೋಯ್ತು, ಇನ್ನು ಎಲ್ಲೂ ಸಾಲ ಹುಟ್ಟಲ್ಲ’ ಅಂತ ಹೋಟೆಲ್ ಬೆಂಚಿನ ಮೇಲೆ ಕೂತು ತೀರ್ಪು ಕೊಡುವ ಪಂಡಿತರಿಗೇನೂ ಕಡಿಮೆ ಇಲ್ಲ.

ಈ ತೀರ್ಪು ಅರ್ಧ ಸುಳ್ಳು, ಅರ್ಧ ನಿಜ. ಯಾವ ಅರ್ಧ ಸುಳ್ಳು, ಯಾವ ಅರ್ಧ ನಿಜ ಅಂತ ತಿಳಿಯದೆ ದಂಡ ತೆರುವವರು ಮಾತ್ರ ಸಣ್ಣ ಅಂಗಡಿಯವರು, ತಿಂಗಳ ಸಂಬಳದವರು.

ಬರೆಯೋದೇನು, ಬಿಡೋದೇನು?

ಸಿಬಿಲ್ ಅಂದರೆ ಸರ್ಕಾರಿ ಕಚೇರಿ ಅಲ್ಲ. 2000ನೇ ಇಸವಿಯಲ್ಲಿ ಹುಟ್ಟಿದ ಮುಂಬಯಿಯ ಕಂಪನಿ. ಇಂಥವು ದೇಶದಲ್ಲಿ ನಾಲ್ಕಿವೆ: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್. 2005ರ ಕಾಯ್ದೆಯ ಪ್ರಕಾರ, ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿ ಇವುಗಳ ಕೆಲಸ. ಯಾರು ಎಷ್ಟು ಸಾಲ ಎತ್ತಿದರು, ಕಂತನ್ನು ಹೊತ್ತಿಗೆ ಸರಿಯಾಗಿ ಕಟ್ಟಿದರೋ ಇಲ್ಲವೋ ಎಂಬ ಲೆಕ್ಕವನ್ನು ಬ್ಯಾಂಕುಗಳು ಇವಕ್ಕೆ ಒಪ್ಪಿಸುತ್ತವೆ. ಅದರ ಮೇಲೆ 300ರಿಂದ 900ರ ಒಳಗೆ ಅಂಕ ಬೀಳುತ್ತದೆ.

ಕಾರ್ಡಿನ ಅರ್ಜಿಗೆ ಸಹಿ ಹಾಕಿದಾಗ ಅಥವಾ ಮೊಬೈಲಿಗೆ ಬಂದ ಓಟಿಪಿ ಹೇಳಿದಾಗ, ‘ನನ್ನ ಸಾಲದ ಚರಿತ್ರೆ ನೋಡಿಕೊಳ್ಳಿ’ ಅಂತ ಒಪ್ಪಿಗೆ ಕೊಟ್ಟ ಹಾಗೆ. ಬ್ಯಾಂಕು ಪ್ಯಾನ್ ನಂಬರು ಹಾಕಿ ವರದಿ ತರಿಸುತ್ತದೆ. ತರಿಸಿದ ಗಳಿಗೆಗೇ ವರದಿಯಲ್ಲಿ ಒಂದು ಸಾಲು ಕೂತುಬಿಡುತ್ತದೆ. ಯಾವ ಬ್ಯಾಂಕು, ಯಾವ ತಾರೀಖು, ಯಾತಕ್ಕಾಗಿ, ಎಷ್ಟು ಮೊತ್ತಕ್ಕೆ ಅಂತ. ಇದಕ್ಕೆ ‘ಎನ್‌ಕ್ವೈರಿ’ ಎಂದು ಹೆಸರು.

ಆಮೇಲೆ ಬ್ಯಾಂಕು ಕಾರ್ಡು ಕೊಟ್ಟಿತೋ, ಅರ್ಜಿಯನ್ನು ಕಸದ ಬುಟ್ಟಿಗೆ ಹಾಕಿತೋ? ಅದಕ್ಕೆ ವರದಿಯಲ್ಲಿ ಜಾಗವೇ ಇಲ್ಲ. ‘ತಿರಸ್ಕೃತ’ ಅಂತ ಮೊಹರು ಬೀಳುವುದಿಲ್ಲ. ಅರ್ಜಿ ತಿರಸ್ಕಾರವಾಯಿತು ಎಂಬ ಒಂದೇ ಕಾರಣಕ್ಕೆ ಅಂಕವೂ ಇಳಿಯುವುದಿಲ್ಲ. ಇಳಿಯುವುದಾದರೆ ಕೇಳಿದ್ದಕ್ಕೆ ಇಳಿಯುತ್ತದೆ, ಅದೂ ಒಂದಿಷ್ಟು. ಕಾರ್ಡು ಸಿಕ್ಕವನಿಗೂ ಆ ಸಾಲು ಇದೆ, ಸಿಗದವನಿಗೂ ಇದೆ.

ಮಂಡಿಪೇಟೆ ಲೆಕ್ಕ

ಮಂಡಿಪೇಟೆಯ ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬ ಗಿರಾಕಿ ಒಂದು ಅಂಗಡಿಯಲ್ಲಿ ಉದ್ರಿ ಕೇಳಿದ, ಇಲ್ಲ ಅಂದರು, ಸುಮ್ಮನೆ ಹೋದ. ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಅದೇ ಗಿರಾಕಿ ಒಂದೇ ಬೆಳಗ್ಗೆ ಐದು ಅಂಗಡಿ ಮೆಟ್ಟಿಲು ಹತ್ತಿ ಇಳಿದರೆ? ಆರನೆಯವರು ಗಲ್ಲಾದ ಮುಚ್ಚಳ ಹಾಕಿಯೇ ಮಾತಾಡಿಸುತ್ತಾರೆ. ಹಿಂದಿನ ಐವರು ಏನಂದರು ಅಂತ ಅವರು ಕೇಳಿರುವುದಿಲ್ಲ. ಮೆಟ್ಟಿಲು ಹತ್ತಿದ್ದನ್ನು ಕಂಡಿರುತ್ತಾರೆ, ಅಷ್ಟೇ ಸಾಕು.

ಬ್ಯಾಂಕಿನವರ ಬುದ್ಧಿಯೂ ಇದೇ. ಮಂಜೂರಾದ ಕಾರ್ಡು ವರದಿಯಲ್ಲಿ ಹೊಸ ಖಾತೆಯಾಗಿ ಕಾಣುತ್ತದೆ. ನಾಲ್ಕು ಎನ್‌ಕ್ವೈರಿ ಇದ್ದು ಖಾತೆ ಒಂದೂ ಇಲ್ಲ ಅಂದರೆ ಏನರ್ಥ? ಪಾಪ, ಅರ್ಜಿದಾರನೇ ಬೇಡ ಅಂದಿರಬಹುದು. ಆದರೆ ಸಾಲ ಕೊಡೋ ಮನುಷ್ಯ ಅಷ್ಟು ಒಳ್ಳೆಯದಾಗಿ ಯೋಚನೆ ಮಾಡುವುದು ಅಪರೂಪ.

ಏಟು ಬೀಳೋದು ಎಲ್ಲಿ?

ಒಬ್ಬ ಬಟ್ಟೆ ಅಂಗಡಿಯವರನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ದೀಪಾವಳಿಗೆ ಮಾಲು ತರಿಸಲು ಅವರಿಗೆ 5 ಲಕ್ಷ ಬೇಕು. ಅದಕ್ಕೆ ಎರಡು ತಿಂಗಳು ಮೊದಲು ಪೆಟ್ರೋಲ್ ಬಂಕಿನಲ್ಲಿ ಟೇಬಲ್ ಹಾಕಿಕೊಂಡು ನಿಂತ ಹುಡುಗ ‘ಸಾರ್, ಫ್ರೀ ಕಾರ್ಡು’ ಅಂದ. ಸಹಿ ಬಿತ್ತು. ಇಲ್ಲ ಅಂತ ಮೆಸೇಜು ಬಂತು. ಛಲಕ್ಕೆ ಮೊಬೈಲಿನಲ್ಲೇ ಇನ್ನೊಂದು ಕಡೆ ಒತ್ತಿದರು, ಮತ್ತೊಂದು ಕಡೆ ಒತ್ತಿದರು. ‘ಪ್ರೀ ಅಪ್ರೂವ್ಡ್’ ಅಂತ ಬಂದ ಜಾಹೀರಾತನ್ನೂ ನಂಬಿದರು. ಅಂಗಡಿ ಒಬ್ಬರ ಹೆಸರಿನದೇ ಆದ್ದರಿಂದ ವ್ಯಾಪಾರದ ಸಾಲಕ್ಕೂ ಬ್ಯಾಂಕು ನೋಡುವುದು ಅವರ ಸ್ವಂತ ಚರಿತ್ರೆಯನ್ನೇ. ಮ್ಯಾನೇಜರ್ ಮುಂದಿನ ವರದಿಯಲ್ಲಿ ಒಂದೇ ತಿಂಗಳಿನ ನಾಲ್ಕು ಸಾಲು. ‘ಇವರಿಗೆ ದುಡ್ಡಿನ ಬಿಕ್ಕಟ್ಟು’ ಅನ್ನೋ ಗುಮಾನಿ ಎದ್ದರೆ ಸಾಲ ತಡವಾಗಬಹುದು, ಬಡ್ಡಿ ಏರಬಹುದು. ಬೇಡದ ಕಾರ್ಡಿನ ಆಸೆಗೆ ಬೇಕಾದ ಸಾಲಕ್ಕೆ ಕಲ್ಲು!

ಕಾರಣ ಕೇಳುವುದು ಹಕ್ಕು

ಹಾಗಾದರೆ ‘ಇಲ್ಲ’ ಅನ್ನಿಸಿಕೊಂಡವರು ಮಾಡಬೇಕಾದ್ದೇನು? ಮೊದಲು ಸುಮ್ಮನಿರಬೇಕು. ಎರಡನೇ ಅರ್ಜಿ ಹಾಕಬಾರದು. ಯಾಕೆ ಇಲ್ಲ ಅಂತ ಕೇಳಬೇಕು. 2022ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಆದೇಶ ಸ್ಪಷ್ಟವಾಗಿದೆ: ಕಾರ್ಡಿನ ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣವನ್ನು ಲಿಖಿತವಾಗಿ ತಿಳಿಸಬೇಕು. ‘ನಮ್ಮ ಪಾಲಿಸಿ ಸಾರ್’ ಅಂತ ಫೋನಿನಲ್ಲಿ ಗೊಣಗಿದರೆ ಅದು ಕಾರಣವಲ್ಲ.

ಎಷ್ಟೋ ಸಲ ಕಾರಣಕ್ಕೂ ಸಿಬಿಲ್‌ಗೂ ಸಂಬಂಧವೇ ಇರುವುದಿಲ್ಲ. ಆದಾಯ ಸಾಲದು, ವಿಳಾಸ ತಾಳೆಯಾಗಿಲ್ಲ, ಆ ಊರಿಗೆ ಬ್ಯಾಂಕು ಕಾರ್ಡೇ ಕೊಡುವುದಿಲ್ಲ. ಇಂಥದ್ದಕ್ಕೆ ಅಂಕದ ಚಿಂತೆ ದಂಡ. ಇನ್ನು ಜೀವನದಲ್ಲಿ ಸಾಲವನ್ನೇ ಮಾಡದವರ ಕಥೆ ಬೇರೆ. ಅವರಿಗೆ ಚರಿತ್ರೆಯೇ ಇಲ್ಲ. ರಿಸರ್ವ್ ಬ್ಯಾಂಕು ಕನಿಷ್ಠ ಇಷ್ಟು ಅಂಕ ಇರಲೇಬೇಕು ಅಂತ ಗೊತ್ತು ಮಾಡಿಲ್ಲ ಎಂದು 2025ರಲ್ಲಿ ಕೇಂದ್ರ ಸರ್ಕಾರವೇ ಲೋಕಸಭೆಗೆ ತಿಳಿಸಿದೆ. ಅಂಥವರು ಬ್ಯಾಂಕಿನಲ್ಲಿ ಸಣ್ಣ ಠೇವಣಿ ಇಟ್ಟು ಅದರ ಆಧಾರದ ಮೇಲೆ ಕಾರ್ಡು ತೆಗೆದು, ಹೊತ್ತಿಗೆ ಸರಿಯಾಗಿ ಕಟ್ಟುತ್ತಾ ಚರಿತ್ರೆ ಬೆಳೆಸಿಕೊಳ್ಳಬಹುದು.

ಪುಕ್ಕಟೆ ವರದಿ, ದಿನಕ್ಕೆ 100 ರೂಪಾಯಿ

ಕಾರಣ ಸಾಲದ ಚರಿತ್ರೆಯೇ ಆಗಿದ್ದರೆ ವರದಿ ತರಿಸಿ ನೋಡಬೇಕು. 2017ರ ಜನವರಿ 1ರಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ತಿ ವರದಿಯನ್ನು ಕಾಸಿಲ್ಲದೆ ಕೊಡಲೇಬೇಕು. ತನ್ನ ವರದಿ ತಾನೇ ನೋಡಿಕೊಂಡರೆ ಅಂಕ ಇಳಿಯುತ್ತೆ ಅನ್ನೋದು ಶುದ್ಧ ಬುರುಡೆ.

ಅಲ್ಲಿ ಏನೇನೋ ಸಿಗಬಹುದು. ತೀರಿಸಿದ ಸಾಲ ಇನ್ನೂ ಬಾಕಿ ಅಂತ ನಿಂತಿರುತ್ತದೆ. ಜಾಮೀನು ಹಾಕಿದ ಭಾವಮೈದುನನ ಕಂತು ತಪ್ಪಿರುತ್ತದೆ. ಯಾರದೋ ಸಾಲ ಇವರ ಪ್ಯಾನ್‌ಗೆ ಅಂಟಿರುತ್ತದೆ. ಕೇಳದ ಕಡೆಯ ಎನ್‌ಕ್ವೈರಿಯೂ ಇರಬಹುದು. ತಪ್ಪಿದ್ದರೆ ಕೂಡಲೇ ಆ ಕಂಪನಿಗೂ ಬ್ಯಾಂಕಿಗೂ ದೂರು ಕೊಡಬೇಕು. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಆಗಲೂ ಕದಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ. ಬ್ಯಾಂಕಿನವರು ಯಾವಾಗ ವರದಿ ತೆಗೆದರೂ ಎಸ್ಸೆಮ್ಮೆಸ್ ಅಥವಾ ಇಮೇಲ್ ಬರಬೇಕೆಂಬ ನಿಯಮವೂ ಇದೆ. ಬಂದ ಮೆಸೇಜನ್ನು ಓದದೆ ಅಳಿಸಬಾರದು.

ತಪ್ಪಿಲ್ಲ, ಬಾಕಿ ನಿಜ ಅಂತಾದರೆ ಉಪಾಯ ಒಂದೇ: ಕಟ್ಟೋದು. 2025ರ ಜನವರಿಯಿಂದ ಬ್ಯಾಂಕುಗಳು ಹದಿನೈದು ದಿನಕ್ಕೊಮ್ಮೆಯಾದರೂ ಲೆಕ್ಕ ಒಪ್ಪಿಸಬೇಕಾದ್ದರಿಂದ ಕಟ್ಟಿದ್ದು ಬೇಗ ಕಾಣುತ್ತದೆ. ಆಮೇಲೆ ಆರು ತಿಂಗಳು ತಾಳಿ ಅರ್ಜಿ ಹಾಕಿ ಎನ್ನುವುದು ಈ ವ್ಯವಹಾರ ಬಲ್ಲವರ ಮಾತು. ‘ಸಾವಿರ ಕೊಡಿ, ಸಿಬಿಲ್ ಕ್ಲೀನ್ ಮಾಡಿಸ್ತೀನಿ’ ಅನ್ನುವ ಮಹಾಶಯರಿಂದ ದೂರ ಇರುವುದು ಒಳ್ಳೆಯದು. ನಿಜವಾದ ಬಾಕಿಯನ್ನು ಅಳಿಸುವ ರಬ್ಬರು ಅವರ ಜೇಬಿನಲ್ಲಿ ಇಲ್ಲ.

ಒಂದು ‘ಇಲ್ಲ’ದಿಂದ ಯಾರ ಸಿಬಿಲ್ಲೂ ಮುಳುಗುವುದಿಲ್ಲ. ಮುಳುಗಿಸೋದು ಅದಾದ ಮೇಲೆ ಬೀಳುವ ಎರಡನೇ, ಮೂರನೇ, ನಾಲ್ಕನೇ ಸಹಿ. ‘ಇಂದು ನಗದು, ನಾಳೆ ಉದ್ರಿ’ ಅಂತ ಗೋಡೆಗೆ ಬೋರ್ಡು ತೂಗುಹಾಕಿದ ಅಂಗಡಿಯವರೇ ಪೆಟ್ರೋಲ್ ಬಂಕಿನ ಹುಡುಗನ ಮುಂದೆ ಪೆನ್ನು ತೆಗೆದರೆ, ಅವರಿಗೆ ಬುದ್ಧಿ ಹೇಳೋರು ಯಾರು?